ಕಂಟ್ರೋಲ್ ಗುಂಪಿನ ಹುರಿಹಿಟ್ಟು

ಸಿರಿ, ನಿನಗೆ ನಾಲ್ಕು ವರ್ಷವಾಗಿದ್ದಾಗ ನಾನು ವೈದ್ಯ ವಿಜ್ಞಾನಕ್ಕೆ ಒಂದಿಷ್ಟು ಸೇವೆ ಸಲ್ಲಿಸಿದೆ. ನಿನಗೆ ನೆನಪಿರಲಾರದು. ನಿನ್ನ ತಮ್ಮ ಆಗಿನ್ನೂ ಹುಟ್ಟಿರಲಿಲ್ಲ. ನಿಮ್ಮಮ್ಮ ಈ ಕತೆಗೆ ಉಪ್ಪುಖಾರ ಹಚ್ಚಿ ಹೇಳುವ ಮೊದಲು ನಿಮ್ಮಿಬ್ಬರಿಗೂ ನಾನೇ ಬರೆದಿಡುತ್ತೇನೆ.

ಮಕ್ಕಳ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಸಂಸ್ಥೆಯೊಂದರಿಂದ ನೇತ್ರಾ ಎಂಬ ಹುಡುಗಿ ಸ್ಕೂಟರಿನಲ್ಲಿ ನಮ್ಮ ಬಸವೇಶ್ವರನಗರದ ಮನೆಗೆ ಬಂದಳು. ತೂಕ ಏರದ ಮಕ್ಕಳಿಗೆ ಒಂದು ಪೌಷ್ಟಿಕ ಪುಡಿ ಕೊಟ್ಟರೆ ಉಪಯೋಗವಾಗುತ್ತದೆಯೇ ಎಂದು ಆರು ತಿಂಗಳು ನೋಡುತ್ತಾರಂತೆ. ನೀನು ಆಗ ಕಡ್ಡಿಯ ಹಾಗಿದ್ದೆ. ನಿಮ್ಮಮ್ಮ ಗಾಯತ್ರಿ ಹನ್ನೆರಡು ಪುಟದ ಒಪ್ಪಿಗೆ ಪತ್ರದ ಕೊನೆಯ ಪುಟ ಮಾತ್ರ ನೋಡಿ, ಸಹಿ ಹಾಕಿ ಆಫೀಸಿಗೆ ಓಡಿದಳು. ನೀನು ದಿನಾ ತಿಂದದ್ದನ್ನು ಒಂದು ಪುಸ್ತಕದಲ್ಲಿ ಬರೆಯುವ ಕೆಲಸ ನನ್ನದಾಯಿತು. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ಪಾಸು ಮಾಡಿದವಳು ನಾನು. ಅನ್ನ, ಸಾರು ಎಂದು ಬರೆಯುವುದರಲ್ಲಿ ತಪ್ಪುವುದಕ್ಕೇನಿದೆ!

ಮುಂದಿನ ವಾರ ನೇತ್ರಾ ಮತ್ತೆ ಬಂದಳು.

"ಅಜ್ಜಿ, ಕಂಪ್ಯೂಟರ್ ಎರಡು ಗುಂಪು ಮಾಡಿದೆ. ಮಹಡಿ ಮನೆ ಚಿರುಗೆ ಪುಡಿ ಬಂತು. ನಿಮ್ಮ ಸಿರಿ ಕಂಟ್ರೋಲು."

ಕಂಟ್ರೋಲು!

ಮಕ್ಕಳೇ, ನಮ್ಮೂರಿನಲ್ಲಿ ಕಂಟ್ರೋಲ್ ಎಂದರೆ ರೇಷನ್ ಅಂಗಡಿ. ಬೇರೆ ಅರ್ಥವೇ ಇರಲಿಲ್ಲ. ಕಂಟ್ರೋಲ್ ಅಕ್ಕಿ ಎಂದರೆ ಅರ್ಧ ಕಲ್ಲು, ಅರ್ಧ ಹುಳ. ಜಾಗ ಉಳಿದರೆ ಅಕ್ಕಿ. ಮದುವೆ ಮನೆಯಲ್ಲಿ ಯಾರಾದರೂ "ಕಂಟ್ರೋಲ್ ಅಕ್ಕಿ ಹಾಕಿದಾರೆ" ಎಂದು ಪಿಸುಗುಟ್ಟಿದರೆ ಹೆಣ್ಣಿನ ಕಡೆಯವರು ವರ್ಷವಿಡೀ ತಲೆ ತಗ್ಗಿಸಿ ಓಡಾಡಬೇಕಿತ್ತು. ಬಾಡಿಗೆಯವರ ಮಗುವಿಗೆ ಪುಡಿ, ನಮ್ಮ ಮಗುವಿಗೆ ಕಂಟ್ರೋಲು!

"ಅವಳಿಗೆ ಬೇರೆ ಪುಡಿ ಗಿಡಿ ಏನೂ ಕೊಡ್ಬೇಡಿ ಅಜ್ಜಿ. ಯಾವಾಗ್ಲೂ ತಿನ್ನೋದನ್ನೇ ತಿನ್ಲಿ."

ನೋಡಿ, ಕಂಟ್ರೋಲಿನವರಿಗೆ ಪಥ್ಯ ಬೇರೆ! ಜಗಳವಾಡೋಣವೆಂದರೆ ಹೊಸಬರ ಮುಂದೆ ನನಗೆ ಬಾಯಿ ಏಳುವುದಿಲ್ಲ. "ಆಗ್ಲಮ್ಮ" ಎಂದು ಕಾಫಿ ಕೊಟ್ಟೆ. ಪ್ರತಿಭಟನೆಯ ರೂಪದಲ್ಲಿ ಸಕ್ಕರೆ ಕಡಿಮೆ ಹಾಕಿದೆ.

ಸಂಜೆ ಮೆಟ್ಟಿಲ ಹತ್ತಿರ ಚಿರುವಿನ ಅಜ್ಜಿ ಶಾರದಮ್ಮ ಸಿಕ್ಕರು.

"ನಮ್ಮ ಚಿರುಗೆ ಬೆಳ್ಳಿ ಕವರಲ್ಲಿ ಬಂದಿದೆ ಕಣ್ರೀ, ದಿನಕ್ಕೊಂದು. ನಿಮ್ಮ ಸಿರಿಗೆ ಏನು ಬಂತು?"

"ಕಂಟ್ರೋಲು" ಎಂದೆ, ಯಾವುದೋ ರೋಗದ ಹೆಸರು ಹೇಳುವ ಹಾಗೆ.

"ಅಯ್ಯೋ ಪಾಪ!" ಎಂದರು. ಅವರೂ ನನ್ನ ಕಾಲದವರೇ.

ಆ "ಪಾಪ" ನನ್ನ ಎದೆಗೆ ನಾಟಿತು. ಮರುದಿನವೇ ರಾಗಿ, ಗೋಧಿ, ಹೆಸರುಕಾಳು, ಕಡಲೆಕಾಯಿ ಬೀಜ ಎಲ್ಲವನ್ನೂ ಹದವಾಗಿ ಹುರಿದೆ. ನಮ್ಮ ಬೀದಿಯ ಹಿಟ್ಟಿನ ಗಿರಣಿಗೆ ಶಾರದಮ್ಮನೂ ಬರುತ್ತಾರೆಂದು ಆಟೋ ಹಿಡಿದು ಮಾರೇನಹಳ್ಳಿಗೆ ಹೋಗಿ ಬೀಸಿಸಿಕೊಂಡು ಬಂದೆ. ಬೆಲ್ಲ ತುಪ್ಪ ಹಾಕಿ ಉಂಡೆ ಕಟ್ಟಿ ನಿನಗೆ ದಿನಕ್ಕೆರಡು ಕೊಡತೊಡಗಿದೆ. ಪುಸ್ತಕದಲ್ಲಿ "ಹೊರಗಿನ ಪೂರಕ ಆಹಾರ ಕೊಟ್ಟಿದ್ದೀರಾ?" ಎಂಬ ಪ್ರಶ್ನೆಯಿತ್ತು. "ಇಲ್ಲ" ಎಂದು ಬರೆದೆ. ಹುರಿದದ್ದು ಒಳಗೆ, ತಿಂದದ್ದೂ ಒಳಗೆ. ಹೊರಗಿನದು ಹೇಗಾದೀತು?

ಎರಡು ತಿಂಗಳಲ್ಲಿ ನಿನ್ನ ಕೆನ್ನೆ ತುಂಬಿತು. ಶಾರದಮ್ಮ ಕೆಳಗಿಳಿದು ಬಂದರು.

"ಅದೇನ್ರೀ ಕೊಡ್ತಿದೀರಾ? ನಮ್ಮೋನು ಪುಡಿ ಬಾಯಿಗಿಟ್ರೆ ಗೋಡೆಗೆ ಉಗೀತಾನೆ."

ಆಗ ಸುಮ್ಮನಿರಬೇಕಿತ್ತು. ಆದರೆ ಅಡುಗೆ ಹೊಗಳಿದವರ ಮುಂದೆ ಸುಮ್ಮನಿರುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. ಒಂದು ಡಬ್ಬಿ ತುಂಬ ಹುರಿಹಿಟ್ಟು ಕೊಟ್ಟೆ. ಚಿರು ಬೆರಳು ಚೀಪಿ ತಿಂದನಂತೆ. ವಾರದ ನಂತರ ಡಬ್ಬಿ ವಾಪಸು ಬಂತು. ಮರ್ಯಾದಸ್ಥರು ಡಬ್ಬಿಯನ್ನು ಖಾಲಿ ಕೊಡುತ್ತಾರೆಯೇ? ಒಳಗೆ ಸಂಸ್ಥೆಯವರ ಪುಡಿ ತುಂಬಿಸಿದ್ದರು!

"ಚೆಲ್ಲೋಕೆ ಮನಸ್ಸು ಬರ್ಲಿಲ್ಲ ಕಣ್ರೀ. ಸಿರಿಗೆ ಹಾಲಲ್ಲಿ ಕಲಸಿ ಕೊಡಿ."

ನೀನು ಲೋಟ ನೆಕ್ಕಿದೆ. ಅಂದಿನಿಂದ ಡಬ್ಬಿ ವಾರಕ್ಕೊಮ್ಮೆ ಹತ್ತಿತು, ಇಳಿಯಿತು. ಪುಡಿ ಗುಂಪಿನ ಹುಡುಗ ಹುರಿಹಿಟ್ಟು ತಿಂದ. ಕಂಟ್ರೋಲ್ ಗುಂಪಿನ ಹುಡುಗಿ ಎರಡನ್ನೂ ತಿಂದಳು. ಶಾರದಮ್ಮ ಖಾಲಿ ಕವರುಗಳನ್ನು ಜೋಡಿಸಿ ನೇತ್ರಾಳ ಕೈಗಿಟ್ಟರು. ನಾನು ಅನ್ನ, ಸಾರು, ಪಲ್ಯ ಎಂದು ಬರೆದ ಪುಸ್ತಕ ಒಪ್ಪಿಸಿದೆ. ದಾಖಲೆಗಳು ಪರಿಶುದ್ಧ!

ಆರು ತಿಂಗಳಾದ ಮೇಲೆ ಸಂಸ್ಥೆಯಲ್ಲಿ ಕೊನೆಯ ತೂಕ. ಚಿರುವನ್ನು ಕರೆದುಕೊಂಡು ಶಾರದಮ್ಮನೂ ಬಂದಿದ್ದರು. ನೇತ್ರಾ ನಿನ್ನನ್ನು ತಕ್ಕಡಿಯಿಂದ ಇಳಿಸಿದಳು, ಮತ್ತೆ ಹತ್ತಿಸಿದಳು, ತಕ್ಕಡಿಯನ್ನೇ ಬದಲಾಯಿಸಿದಳು. ಕೊನೆಗೆ ಡಾಕ್ಟರಮ್ಮನನ್ನು ಕರೆದಳು.

"ಅಜ್ಜಿ, ನಿಮ್ಮಷ್ಟು ಅಚ್ಚುಕಟ್ಟಾಗಿ ಯಾರೂ ಬರೆದಿಲ್ಲ" ಎಂದರು ಡಾಕ್ಟರಮ್ಮ. "ಬರೀ ಅನ್ನ ಸಾರಲ್ಲೇ ಮಗು ಇಷ್ಟು ಬೆಳೆದಿದೆಯಲ್ಲ!"

ನಾನು ಸೆರಗು ಹೊದ್ದು ನಾಚಿದೆ. ಶಾರದಮ್ಮ ಬಾಗಿಲು ನೋಡಿದರು.

"ಕಂಟ್ರೋಲ್ ಮಕ್ಕಳೇ ನಮ್ಮ ಅಳತೆಗೋಲು ಅಜ್ಜಿ" ಎಂದು ಡಾಕ್ಟರಮ್ಮ ಮುಂದುವರಿಸಿದರು. "ಪುಡಿ ತಿನ್ನದೇ ಇರೋ ಇವರ ಜೊತೆ ಹೋಲಿಸಿದ್ರೆ ತಾನೇ ಪುಡಿಯಿಂದ ಏನಾಯ್ತು ಅಂತ ಗೊತ್ತಾಗೋದು? ಇವರೆಲ್ಲ ಪುಡಿ ಇಲ್ದೇನೇ ಹೀಗೆ ಬೆಳೆದಿದ್ರೆ ಪುಡಿಯಿಂದ ಪ್ರಯೋಜನ ಇಲ್ಲ ಅಂತ ಬರೀಬೇಕಾಗುತ್ತೆ. ಆಮೇಲೆ ಬೇರೆ ಯಾವ ಮಕ್ಕಳಿಗೂ ಅದನ್ನ ಕೊಡಲ್ಲ."

ಕಂಟ್ರೋಲ್ ಎಂದರೆ ಇದೋ! ಅಳತೆಗೋಲಿಗೇ ಬೆಲ್ಲ ತುಪ್ಪ ತಿನ್ನಿಸಿ ಉದ್ದ ಮಾಡಿದ್ದೆನಲ್ಲ! ಸುಂಕದಕಟ್ಟೆಯಲ್ಲೋ ಕೆಂಗೇರಿಯಲ್ಲೋ ನಿನ್ನಂಥದೇ ಒಂದು ಮಗುವಿಗೆ ಸಿಗಬೇಕಾದ ಪುಡಿ ನನ್ನ ಬಿಂಕದಿಂದ ತಪ್ಪಿ ಹೋದರೆ? ಜೀವನದಲ್ಲಿ ಮೊದಲ ಬಾರಿಗೆ ಹೊಸಬರ ಮುಂದೆ ನನ್ನ ಬಾಯಿ ಎದ್ದಿತು.

"ಡಾಕ್ಟರಮ್ಮ, ನಾನು ಕಂಟ್ರೋಲ್ ಅಂದ್ರೆ ರೇಷನ್ ಅಂದ್ಕೊಂಡಿದ್ದೆ."

ಹುರಿಹಿಟ್ಟು, ಮಾರೇನಹಳ್ಳಿ, ಡಬ್ಬಿ, ಎಲ್ಲವನ್ನೂ ಹೇಳಿಬಿಟ್ಟೆ.

"ನನ್ನ ಯಾಕ್ರೀ ಎಳೀತೀರಾ?" ಎಂದು ಶಾರದಮ್ಮ ಸಿಡಿದರು. "ಡಬ್ಬಿ ಖಾಲಿ ಹೇಗ್ರೀ ಕೊಡೋದು?"

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೀರು ಬರುವ ತನಕ ನಕ್ಕರು. ನೇತ್ರಾ ನಗಲಿಲ್ಲ. ಆರು ತಿಂಗಳು ಬಿಸಿಲಲ್ಲಿ ಸ್ಕೂಟರ್ ಓಡಿಸಿದವಳು ಅವಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ನಿನ್ನ ಮತ್ತು ಚಿರುವಿನ ಲೆಕ್ಕ ಎರಡನ್ನೂ ಸಂಶೋಧನೆಯಿಂದ ತೆಗೆದುಹಾಕಿದರು. ಅದಕ್ಕೂ ಒಂದು ಫಾರಂ ಇತ್ತು. "ಮಗುವನ್ನು ಕೈಬಿಡಲು ಕಾರಣ" ಎಂದು ಅಚ್ಚಾಗಿತ್ತು. ಕೆಳಗೆ ಮನೆ ಬದಲಾವಣೆ, ಅನಾರೋಗ್ಯ, ಪೋಷಕರ ನಿರಾಕರಣೆ, ಇತರೆ. ನೇತ್ರಾ "ಇತರೆ" ಎಂಬುದಕ್ಕೆ ಗುರುತು ಹಾಕಿ, ಎದುರಿನ ಗೆರೆಯ ಮೇಲೆ ಒಂದೇ ಪದ ಬರೆದಳು: "ಅಜ್ಜಿ."

ಆಮೇಲೆ ಚಿರುವಿನ ಫಾರಂ ಎಳೆದುಕೊಂಡು ಅಲ್ಲಿಯೂ ಗುರುತು ಹಾಕಿ ಬರೆದಳು: "ಅದೇ ಅಜ್ಜಿ."