ಗೆದ್ದವರನ್ನು ಮೃತರೆಂದು ಭಾವಿಸತಕ್ಕದ್ದು

ಮ್ಯಾರಥಾನಿನ ಬಯಲಿನಲ್ಲಿ ನಮ್ಮ ಹಿರಿಯರು ಪರ್ಷಿಯನ್ನರನ್ನು ಸೋಲಿಸಿದರು. ಸುದ್ದಿ ಹೊತ್ತವನು ಅಥೆನ್ಸಿನವರೆಗೆ ಓಡಿ, "ಗೆದ್ದೆವು" ಎಂದು ಹೇಳಿ ಸತ್ತನು. ಇದರಿಂದ ಜಗತ್ತಿಗೆ ಪ್ರಜಾಪ್ರಭುತ್ವ ಉಳಿಯಿತು, ಓಟಗಾರರಿಗೆ ಮೊಣಕಾಲು ನೋವು ಬಂತು, ನಮ್ಮ ಊರಿಗೆ ಒಂದು ಸ್ಮರಣಾ ಸಮಿತಿ ಬಂತು.

ಬೇಕರಿಯ ಸ್ಟ್ರಾಟೋಸನಿಗೆ ಇದ್ದದ್ದು ಒಂದೇ ಆಸೆ: ಚೌಕದ ಅಮೃತಶಿಲೆಯ ಮೇಲೆ ತನ್ನ ಹೆಸರು. ಅಲ್ಲಿ ಕೆತ್ತುವುದು ಸಮಿತಿಯ ಓಟದಲ್ಲಿ ಗೆದ್ದವರ ಹೆಸರನ್ನು ಮಾತ್ರ. ಮುಂದಿದ್ದವನು ಪರಿಚಯದವರ ಜೊತೆ ಕಾಫಿಗೆ ಕೂತ ಪುಣ್ಯದಿಂದ, ವಯಸ್ಸು ಐವತ್ತು ದಾಟಿದ ಮೇಲೆ ಅವನು ಗೆದ್ದೇಬಿಟ್ಟ.

ಮರುದಿನ ಅವನು ಸಮಿತಿಯ ಸಭೆಗೆ ಹೋದಾಗ ಅಧ್ಯಕ್ಷ ವ್ಲಾಸಿಸ್ ಎದ್ದುನಿಂತು ಸಂತಾಪ ಸೂಚಿಸಿದರು.

"ಯಾರು ಹೋದ್ರು ಸ್ವಾಮಿ?"

"ನೀನೇ ಕಣಯ್ಯಾ. ನಿನ್ನೆ ಸಂಜೆಯಿಂದ ಹೊಸ ನಿಯಮ. ಮೊದಲನೇ ಓಟಗಾರ ಗುರಿ ಮುಟ್ಟಿ ಸತ್ತದ್ದರಿಂದ, ಗೆದ್ದವರನ್ನು ಮೃತರೆಂದು ಭಾವಿಸತಕ್ಕದ್ದು. ಬದುಕಿರೋರ ಹೆಸರು ಕೆತ್ತೋ ಹಾಗಿಲ್ಲ."

"ಉಸಿರಾಡ್ತಾ ಇದೀನಲ್ಲ ಸ್ವಾಮಿ!"

"ಅದು ನಿನ್ನ ಖಾಸಗಿ ವಿಷಯ. ಪ್ರಜಾಪ್ರಭುತ್ವದ ತವರಿನವರು ನಾವು, ಮತಕ್ಕೆ ಹಾಕೋಣ."

ಸತ್ತಿದ್ದಾನೆ ಎಂದವರೇ ಹೆಚ್ಚಾದರು. ಸ್ಟ್ರಾಟೋಸನೂ ವಿರೋಧವಾಗಿ ಕೈ ಎತ್ತಿದ್ದ. ಮೃತರಿಗೆ ಮತದ ಹಕ್ಕಿಲ್ಲವೆಂದು ಅದನ್ನು ಎಣಿಸಲಿಲ್ಲ. ಗೋರಿಕಲ್ಲು ಕೆತ್ತುವ ವ್ಲಾಸಿಸರ ಬಾವಮೈದ ಆಗಲೇ ಟೇಪು ಹಿಡಿದು ಅವನ ಭುಜದ ಅಳತೆ ತೆಗೆಯುತ್ತಿದ್ದ. ಸ್ಟ್ರಾಟೋಸ್ ಸ್ವಲ್ಪ ಯೋಚಿಸಿದ.

"ಅಕ್ಷರ ಮಾತ್ರ ದಪ್ಪಗಿರ್ಲಿ," ಎಂದ.

ನಲವತ್ತನೆಯ ದಿನ ಚರ್ಚಿನಲ್ಲಿ, ಸತ್ತವರ ಹೆಸರಿನಲ್ಲಿ ಹಂಚುವ, ದಾಳಿಂಬೆ ಕಾಳು ಬೆರೆಸಿದ ಸಿಹಿಗೋಧಿಯನ್ನು ಅವನ ಹೆಸರಿನಲ್ಲಿ ಹಂಚಿದರು. ಅವನೂ ಎರಡು ಸಲ ಈಸಿಕೊಂಡ.

"ದಾಳಿಂಬೆ ಕಮ್ಮಿಯಾಯ್ತು ಕಣೇ."

"ಸತ್ತ ಮೇಲೂ ಕೊಂಕು ಬಿಡಲ್ವಲ್ಲ ಈ ಮನುಷ್ಯ!" ಎಂದು ಹೆಂಡತಿ ಫೋತಿನಿ ಕಪ್ಪು ತಲೆವಸ್ತ್ರ ಸರಿಮಾಡಿಕೊಂಡಳು.

ಮರುವರ್ಷ ಓಟಗಾರರೆಲ್ಲ ಗುರಿಯ ಗೆರೆಗೆ ಒಂದು ಮಾರು ದೂರದಲ್ಲೇ ನಿಂತುಬಿಟ್ಟರು.

"ನೀವು ಹೋಗಿ."

"ಛೆ ಛೆ, ನೀವು ಹಿರಿಯರು, ನೀವೇ ಮೊದಲು."

ಹೊತ್ತು ಇಳಿಯಿತು. ಬ್ಯಾಂಡಿನವರು ವಿಜಯಗೀತೆ ನುಡಿಸಿ ನುಡಿಸಿ ಬಾಯಿ ಒರೆಸಿಕೊಂಡರು. ಉಳಿ ಹಿಡಿದು ಕಾದಿದ್ದ ಬಾವಮೈದನ ಮುಖ ಬಾಡಿತು. ಆಗ ಎಲ್ಲರಿಗಿಂತ ಹಿಂದೆ ಬಿದ್ದಿದ್ದ ಸ್ಟ್ರಾಟೋಸ್ ಕುಂಟುತ್ತ ಬಂದ.

"ದಾರಿ ಬಿಡ್ರಪ್ಪಾ, ನನಗಿನ್ನೇನಾಗ್ಬೇಕು!" ಎಂದು ಗೆರೆ ದಾಟಿದ.

ಅಮೃತಶಿಲೆಯಲ್ಲಿ ಅವನ ಹೆಸರಿನ ಕೆಳಗೆ, ಇನ್ನೂ ದಪ್ಪ ಅಕ್ಷರದಲ್ಲಿ, "ಇವರು ಮತ್ತೊಮ್ಮೆ ತೀರಿಕೊಂಡರು" ಎಂದು ಕೆತ್ತಲಾಗಿದೆ. ಫೋತಿನಿ ಈ ಸಲ ದಾಳಿಂಬೆಯನ್ನು ಧಾರಾಳವಾಗಿ ಹಾಕಿದಳು.