ಲಾರಿ ಹತ್ತಿ ಬಂದ ಕಾರು

"ನಾನು ಕುರ್ಚಿ ಬಿಟ್ಟು ಏಳಂಗಿಲ್ಲ. ಕಾರು ತಾನಾಗೇ ಮನೆ ಬಾಗಿಲಿಗೆ ಬಂದು ನಿಲ್ತೈತೆ, ನೋಡ್ತಿರು!" ಎಂದು ಹೆಂಡತಿ ಭುವನೇಶ್ವರಿಯ ಮುಂದೆ ಘೋಷಿಸಿದ್ದೆ. ಘೋಷಿಸುವಾಗ ಕುರ್ಚಿಯಲ್ಲೇ ಕೂತಿದ್ದೆ. ಅಷ್ಟರಮಟ್ಟಿಗೆ ಮಾತು ಉಳಿಸಿಕೊಂಡೆ.

ಮೂರು ವರ್ಷ ನಾನು ಅರುಣಾಚಲದ ತುದಿಯ ಒಂದು ಹಳ್ಳಿಯಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿದ್ದೆ. ಸುತ್ತಲಿನ ಹಳ್ಳಿಗಳ ಜನರನ್ನೆಲ್ಲ ಸೇರಿಸಿದರೂ ದಾವಣಗೆರೆಯ ಒಂದು ಮದುವೆ ಊಟದ ಎರಡು ಪಂಕ್ತಿ ತುಂಬುವುದಿಲ್ಲ, ಅಂಥ ಊರು. ಅಲ್ಲಿ ಓಡಾಡಲು ಒಂದು ಕಾರು ಕೊಂಡಿದ್ದೆ. ದಾವಣಗೆರೆಗೆ ವರ್ಗವಾದಾಗ ಭುವನೇಶ್ವರಿ ಫೋನಿನಲ್ಲಿ, "ಅಲ್ಲೇ ಯಾರಿಗಾರ ಮಾರಿ ಬರ್ರಿ" ಎಂದಳು. ಯಾರಿಗೆ ಮಾರಲಿ? ಕೊಳ್ಳಲು ಜನ ಬೇಡವೇ?

ನಿಜ ಹೇಳಬೇಕೆಂದರೆ ಮಾರಲು ನನಗೇ ಮನಸ್ಸಿರಲಿಲ್ಲ. ಮಾಯಕೊಂಡದಲ್ಲಿ ನನ್ನ ಬಾಮೈದ ತಿಮ್ಮೇಶನ ಹೊಸ ಮನೆಯ ಗೃಹಪ್ರವೇಶವಿತ್ತು. ಅತ್ತೆ ಕೆಂಚವ್ವನವರ ಲೆಕ್ಕದಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದಲೂ ಬಸ್ಸಿನಿಂದ ಇಳಿಯುವ ಅಳಿಯ. ಒಂದೇ ಒಂದು ಸಲ ಅವರ ಕಣ್ಣೆದುರು ಕಾರಿನಿಂದ ಇಳಿಯಬೇಕೆಂಬ ಆಸೆ ನನ್ನನ್ನು ತಿನ್ನುತ್ತಿತ್ತು. ಗುಡ್ಡ ಇಳಿದು ಅಸ್ಸಾಮಿನಲ್ಲಿ ಒಂದು ಸಾಗಣೆ ಕಂಪನಿಗೆ ಕಾರು ಒಪ್ಪಿಸಿ, ವಿಮಾನ ಹತ್ತಿ ಬಂದುಬಿಟ್ಟೆ. "ಮನೆಯಿಂದ ಮನೆಗೆ" ಎಂದು ಕಂಪನಿಯ ಚೀಟಿಯಲ್ಲಿ ಕೆಂಪಕ್ಷರದಲ್ಲಿ ಅಚ್ಚಾಗಿತ್ತು.

ಗೃಹಪ್ರವೇಶದ ಬೆಳಿಗ್ಗೆ ಏಳಕ್ಕೆ ಫೋನ್ ಬಂತು. ಟ್ರೇಲರ್ ಲಾರಿಯ ಡ್ರೈವರ್, ಹುಬ್ಬಳ್ಳಿಯ ಮಕ್ತುಮ್ ಸಾಬ್.

"ಸಾಹೇಬ್ರ, ಹರಿಹರ ಬೈಪಾಸ್‌ನಾಗ ಅದೀನ್ರಿ. ಈ ಗಾಡಿ ನಿಮ್ಮ ಓಣ್ಯಾಗ ತಿರುಗಂಗಿಲ್ರಿ. ಇಲ್ಲೇ ಬಂದು ಕಾರ್ ತಗೊಂಡ್ ಹೋಗ್ರಿ."

ರೇಷ್ಮೆ ಸೀರೆ ಉಟ್ಟು ತಯಾರಾಗಿದ್ದ ಭುವನೇಶ್ವರಿ ಕೇಳಿದಳು: "ಮಾಯಕೊಂಡ ಈ ಕಡೀಗೈತೆ, ಹರಿಹರ ಆ ಕಡೀಗೈತೆ. ನಿಮ್ಮ ಮನೆ ಬಾಗಿಲು ಯಾವ ಕಡೀಗೈತ್ರಿ?"

ಅವಳನ್ನೂ ಕರೆದುಕೊಂಡು ಹರಿಹರದ ಬಸ್ಸು ಹತ್ತಿದೆ.

ಬೈಪಾಸಿನಲ್ಲಿ ನನ್ನ ಕಾರು ಲಾರಿಯಿಂದ ಇಳಿದು ನಿಂತಿತ್ತು. ಮೈತುಂಬ ಅರ್ಧ ಭಾರತದ ಧೂಳು! ಕಣ್ಣಲ್ಲಿ ನೀರು ಬಂತು. ಬೀಗದ ಕೈಗೆ ಕೈ ಚಾಚಿದೆ.

"ಓಟಿಪಿ ಹೇಳ್ರಿ" ಎಂದರು ಮಕ್ತುಮ್ ಸಾಬ್.

ಜೇಬಿನ ಫೋನ್ ಸದ್ದೇ ಮಾಡಲಿಲ್ಲ. ಆಗ ನೆನಪಾಯಿತು: ವರ್ಗವಾದ ತಕ್ಷಣ ಬುಕಿಂಗಿಗೆ ಕೊಟ್ಟದ್ದು ನನ್ನ ಅರುಣಾಚಲದ ನಂಬರು; ಈ ನಂಬರನ್ನು ಆಮೇಲೆ ಚೀಟಿಯಲ್ಲಿ ಮನೆ ವಿಳಾಸದ ಕೆಳಗೆ ಬರೆಸಿದ್ದೆ, ಅಷ್ಟೇ. ಆ ಫೋನನ್ನು ಸಿಮ್ ಸಮೇತ ಬೀಳ್ಕೊಡುಗೆ ದಿನ ಆಫೀಸಿನ ಅಟೆಂಡರ್ ಪುಲುವಿಗೆ ದಾನ ಮಾಡಿ, ಚಪ್ಪಾಳೆ ಗಿಟ್ಟಿಸಿ ಬಂದಿದ್ದೆ!

"ಕಾರು ನಂದೇ ಕಣ್ರೀ! ಕಾಗದದಾಗೆ ನನ್ನ ಫೋಟೋ ಐತೆ ನೋಡ್ರಿ!"

"ನಿಮ್ದ ಅಂತ ನಂಗ ಗೊತ್ತೈತ್ರಿ ಸಾಹೇಬ್ರ. ಮೊಬೈಲ್‌ಗೆ ಗೊತ್ತಾಗ್ಬೇಕಲ್ರಿ."

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಜೇನಿನಂಥ ದನಿಯ ಹುಡುಗಿ ಹೇಳಿದಳು: "ನಂಬರ್ ಬದಲಾಯಿಸಬಹುದು ಸರ್. ಅದಕ್ಕೊಂದು ಓಟಿಪಿ ಬರುತ್ತೆ."

"ಯಾವ ನಂಬರಿಗಮ್ಮ?"

"ಹಳೇ ನಂಬರಿಗೇ ಸರ್!"

ಪುಲುವಿನ ಫೋನ್ ವ್ಯಾಪ್ತಿ ಪ್ರದೇಶದ ಹೊರಗಿತ್ತು. ಶಾಖೆಗೆ ಮಾಡಿದರೆ, ಅವನು ರಜೆ ಹಾಕಿ ಕಾಡಿನಲ್ಲಿ ದನ ಹುಡುಕಲು ಹೋಗಿದ್ದಾನೆ, ಗುಡ್ಡದ ನೆತ್ತಿ ಹತ್ತಿದಾಗ ಸಿಗ್ನಲ್ ಸಿಗುತ್ತದೆ ಎಂದರು.

"ಅಂದ್ರೆ ಅಲ್ಲಿ ಅವರ ದನ ಸಿಕ್ರೆ ಇಲ್ಲಿ ನಮ್ಮ ಕಾರು ಸಿಗ್ತೈತೆ?" ಎಂದಳು ಭುವನೇಶ್ವರಿ.

"ಹೆಚ್ಚೂಕಡಿಮೆ ಹಂಗೇ."

"ನಾನು ಬಸ್ಸಿಗೆ ಹೋಗ್ತೀನಿ." ಹೋಗಿಯೂ ಬಿಟ್ಟಳು.

ಹನ್ನೆರಡೂವರೆಗೆ ಪುಲು ಸಿಕ್ಕ. ಮಕ್ತುಮ್ ಸಾಬ್ ಮತ್ತೆ ಓಟಿಪಿ ಕಳಿಸಿದರು. "ಬಂದಿದೆ ಸರ್" ಎಂದ ಪುಲು ಹಿಂದಿಯಲ್ಲಿ. "ಆದರೆ ಹೇಳುವುದಿಲ್ಲ."

"ಯಾಕಪ್ಪಾ?"

"ಓಟಿಪಿ ಯಾರಿಗೂ ಹೇಳಬಾರದು, ಮ್ಯಾನೇಜರ್ ದನಿಯಲ್ಲಿ ಕೇಳಿದರೂ ಹೇಳಬಾರದು ಅಂತ ನೀವೇ ಅಲ್ಲವೇ ಸಭೆ ಮಾಡಿ ಕಲಿಸಿದ್ದು?"

ಇಪ್ಪತ್ತೆಂಟು ವರ್ಷಗಳ ನೌಕರಿಯಲ್ಲಿ ನನ್ನ ಮಾತನ್ನು ಅಕ್ಷರಶಃ ಪಾಲಿಸಿದ ಏಕಮಾತ್ರ ಪುಣ್ಯಾತ್ಮ! ಅದನ್ನು ಇವತ್ತೇ ಪಾಲಿಸಬೇಕಿತ್ತೇ?

ಕೊನೆಗೆ ಪುಲುವೇ ಒಂದು ಪರೀಕ್ಷೆ ಇಟ್ಟ. "ನೀವು ನಿಜವಾದ ಸಾಹೇಬರಾದರೆ, ನಮ್ಮ ಮನೆಗೆ ಊಟಕ್ಕೆ ಬಂದ ದಿನ ಏನಾಯಿತು ಹೇಳಿ."

ಆ ದಿನ ನಾನು, "ನಾವು ದಾವಣಗೆರೆಯವರು, ಬೆಳಿಗ್ಗೆ ಎದ್ದರೆ ಮಿರ್ಚಿ ತಿನ್ನುವವರು" ಎಂದು ಜಂಬ ಕೊಚ್ಚಿ ಅವರ ಗುಡ್ಡದ ಮೆಣಸಿನಕಾಯಿಯೊಂದನ್ನು ಇಡಿಯಾಗಿ ಕಚ್ಚಿದ್ದೆ.

"ಅತ್ತೆ" ಎಂದು ಪಿಸುಗುಟ್ಟಿದೆ.

"ಕೇಳಿಸುತ್ತಿಲ್ಲ ಸರ್!"

"ಮೆಣಸಿನಕಾಯಿ ತಿಂದು ಅತ್ತುಬಿಟ್ಟೆ! ಗಳಗಳ ಅತ್ತೆ!" ಎಂದು ಕೂಗಿದೆ. ರಸ್ತೆ ಪಕ್ಕದ ಚಹಾದಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪುಲು ತೃಪ್ತನಾಗಿ ಆರು ಅಂಕಿಗಳನ್ನು ದಯಪಾಲಿಸಿದ. ಬೀಗದ ಕೈ ಕೊಡುತ್ತ ಮಕ್ತುಮ್ ಸಾಬ್ ಮೆಲ್ಲಗೆ ಕೇಳಿದರು: "ಎಷ್ಟೊತ್ತು ಅತ್ರಿ ಸಾಹೇಬ್ರ?"

ಮಾಯಕೊಂಡ ತಲುಪಿದಾಗ ಮೂರು ಗಂಟೆ. ಮುಹೂರ್ತ ಮುಗಿದಿತ್ತು, ಹೋಳಿಗೆಯೂ ಮುಗಿದಿತ್ತು. ಆದರೇನು? ಮನೆ ಮುಂದೆ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಹಾರನ್ ಹೊಡೆದೆ. ಎಲ್ಲರೂ ಹೊರಗೆ ಬಂದರು. ಕಾರಿನಿಂದ ಇಳಿದೆ, ಇಪ್ಪತ್ತೆರಡು ವರ್ಷಗಳ ಆಸೆ ತೀರುವಷ್ಟು ನಿಧಾನವಾಗಿ ಇಳಿದೆ!

ಕೆಂಚವ್ವನವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಇದನ್ನ ಅಷ್ಟು ದೂರದಿಂದ ಲಾರಿ ಮ್ಯಾಲೆ ಹೇರ್ಕಂಡ್ ಬಂದ್ರಂತೆ, ಖರೇನಾ?"

"ಹೂಂ ಅತ್ತೆ! ಮೂರು ಸಾವಿರ ಕಿಲೋಮೀಟರ್ ಮ್ಯಾಲೇ ಆತು!" ಎಂದು ಎದೆಯುಬ್ಬಿಸಿದೆ.

ಅತ್ತೆಯ ಮುಖದಲ್ಲಿ ಕರುಣೆ ಉಕ್ಕಿತು. ನನ್ನ ಕೈ ಹಿಡಿದುಕೊಂಡರು.

"ಬೇಜಾರ್ ಮಾಡ್ಕಬ್ಯಾಡ್ರಿ ಅಳಿಯಂದ್ರೇ. ಓಡೋ ಗಾಡಿ ಆಗಿದ್ರೆ ತಾನೇ ಓಡ್ಕಂಡ್ ಬರ್ತಿತ್ತು, ಲಾರಿ ಮ್ಯಾಲೆ ಯಾಕ ಹೇರ್ತಿದ್ರು, ಪಾಪ!" ಎಂದು ಸಮಾಧಾನ ಹೇಳಿ, ಮಗನ ಕಡೆ ತಿರುಗಿದರು. "ಲೇ ತಿಮ್ಮೇಶ, ಭಾವಾರ್ನ ಐದರ ಬಸ್ಸಿಗೆ ಹತ್ಸಿ ಬಾ. ಇದು ಹಿತ್ಲಾಗ ಬಿದ್ದಿರ್ಲಿ. ಟ್ರ್ಯಾಕ್ಟರ್ ಖಾಲಿ ಆದಾಗ ಎಳ್ಕಂಡ್ ಹೋಗಿ ಬಿಟ್ಟು ಬರಾಣ."