ಗಾಜಿನ ಮೇಲಿನ ಬೊಟ್ಟು

ಬರೆದಿಟ್ಟದ್ದರ ಮೇಲೆ ಕೆಂಪು ಶಾಯಿಯಲ್ಲಿ ಗೀಚುವುದರಲ್ಲಿ ಒಂದು ಸುಖವಿದೆ. ಮೇಷ್ಟರುಗಳಿಗೆ ಅದು ಚೆನ್ನಾಗಿ ಗೊತ್ತು. ನನಗೆ ಮೇಷ್ಟರಾಗುವ ಯೋಗ್ಯತೆ ಇರಲಿಲ್ಲವಾದ್ದರಿಂದ ನನ್ನ ಕೆಲಸದ ಮೇಲೆ ನಾನೇ ಗೀಚಿಕೊಂಡು ಹೊಟ್ಟೆ ಹೊರೆಯುತ್ತೇನೆ. ಗಂಗಾನಗರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಸೈಟಿನ ಅಳತೆ ತಂದುಕೊಟ್ಟರೆ ಇನ್ನೂ ಪಾಯ ತೋಡದ ಮನೆಯನ್ನು ಬಣ್ಣ, ನೆರಳು, ಬಾಗಿಲ ಮುಂದಿನ ಚಪ್ಪಲಿ ಸಮೇತ ಕಂಪ್ಯೂಟರಿನಲ್ಲಿ ಬರೆದು ತೋರಿಸುತ್ತೇನೆ. ಅಂಥ ಒಂದು ಚಿತ್ರ ತಯಾರಾಗಿ ಹೊರಬರಲು ನನ್ನ ಹಳೆಯ ಕಂಪ್ಯೂಟರಿಗೆ ಅರ್ಧ ದಿನ ಬೇಕು. ಅಷ್ಟರಲ್ಲಿ ಗಿರಾಕಿಯ ಮನಸ್ಸು ಬದಲಾಗಿರುತ್ತದೆ. ಕಿಟಕಿ ಆ ಕಡೆ ಹೋಗಲಿ, ಮೆಟ್ಟಿಲು ಈ ಕಡೆ ಬರಲಿ. ಪ್ರತಿ ಸಲ ಹೊಸದಾಗಿ ಬರೆಯಲು ಕೂತರೆ ನಾನು ಉಳಿದೇನೇ? ಅದಕ್ಕೇ ಸಾಫ್ಟ್‌ವೇರಿನಲ್ಲಿ ಒಂದು ಅನುಕೂಲ ಮಾಡಿಟ್ಟಿದ್ದಾರೆ. ಸಿದ್ಧವಾದ ಚಿತ್ರದ ಮೇಲೆ ಕಣ್ಣಿಗೆ ಕಾಣದ ಹಾಳೆಯೊಂದನ್ನು ಹಾಸಿ, ಅದರ ಮೇಲೆ ಕೆಂಪಗೆ ಸುತ್ತು ಹಾಕಿ, ಬಾಣ ಎಳೆದು, ‘ಇಲ್ಲಿ ಕಿಟಕಿ’ ಎಂದು ಬರೆಯಬಹುದು. ಚಿತ್ರವನ್ನು ಅತ್ತಿತ್ತ ಸರಿಸಿದರೆ ಬಾಣವೂ ತನ್ನ ಕಿಟಕಿಯನ್ನು ಬಿಡದೆ ಸರಿಯುತ್ತದೆ. ಹಾಳೆ ತೆಗೆದರೆ ಎಲ್ಲ ಮಾಯ. ಇಷ್ಟನ್ನು ಕಲಿಯಲು ನಾನು ಒಂದು ಕೋರ್ಸಿಗೆ ಬೇರೆ ಹೋಗಿದ್ದೆ.

ಈಗ ಅಮ್ಮನ ವಿಷಯ. ಅಪ್ಪನಿಗೆ ಯಶವಂತಪುರದಲ್ಲಿ ಸಣ್ಣದೊಂದು ಲೇತ್ ವರ್ಕ್‌ಶಾಪ್ ಇತ್ತು. ಪ್ರತಿ ಆಯುಧಪೂಜೆಗೂ ಅಮ್ಮ ಹೋಗಿ ಆ ಯಂತ್ರಕ್ಕೆ ಅರಿಶಿನ ಕುಂಕುಮ ಇಟ್ಟು, ಕಬ್ಬಿಣದ ಆ ರಾಕ್ಷಸನನ್ನು ಮದುವೆಗಂಡಿನಂತೆ ಅಲಂಕರಿಸಿ ಬರುತ್ತಿದ್ದಳು. ಅಪ್ಪ ಹೋದ ಮೇಲೆ ಅವಳ ಹಣೆಯಿಂದ ಕುಂಕುಮ ಹೋಯಿತು. ಆಮೇಲೆ ಕೈಯಿಂದಲೂ ಹೋಯಿತು. ಯಾರೂ ಅವಳಿಗೆ ಬೇಡವೆನ್ನಲಿಲ್ಲ. ತಾನೇ ಬೇಡ ಅಂದುಕೊಂಡಳು. ಹಬ್ಬ ಬಂದರೆ ಕುಂಕುಮದ ಬಟ್ಟಲನ್ನು ನನ್ನ ಹೆಂಡತಿ ಸುಮಾಳ ಕೈಗೆ ಕೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅದನ್ನು ನೋಡಲಾರದೆ ಒಂದು ವರ್ಷ ಆಯುಧಪೂಜೆಯ ದಿನ ಹಟ ಹಿಡಿದೆ. ನನ್ನ ಕಂಪ್ಯೂಟರಿಗೆ ನೀನೇ ಇಡಬೇಕು, ಇಲ್ಲದಿದ್ದರೆ ಈ ಸಲ ಅದಕ್ಕೆ ಪೂಜೆಯೇ ಇಲ್ಲ ಎಂದೆ. ಸುಮಾಳೂ ಬಟ್ಟಲು ಮುಟ್ಟಲು ಒಪ್ಪಲಿಲ್ಲ. ಕೊನೆಗೆ ಅಮ್ಮನೇ ಬಟ್ಟಲು ಎತ್ತಿಕೊಂಡಳು. ಆಮೇಲೆ ಕಣ್ಣು ಮುಚ್ಚಿ, ಕಲಸಿದ ಅರಿಶಿನವನ್ನೂ ಅದರ ಮೇಲೆ ಕುಂಕುಮವನ್ನೂ ಪರದೆಯ ನಟ್ಟನಡುವೆ ಒತ್ತಿ, ಸರಸರನೆ ಒಳಗೆ ಹೋದಳು. ಅಂಚಿಗೆ ಇಡಬೇಕೆಂದು ಹೇಳುವ ಬುದ್ಧಿ ನನಗೆ ಬರಲಿಲ್ಲ.

ಆ ಬೊಟ್ಟನ್ನು ನಾನು ಒರೆಸಲಿಲ್ಲ. ಒರೆಸಿದರೆ ಅಮ್ಮ ಇನ್ನೆಂದೂ ಬಟ್ಟಲು ಮುಟ್ಟುವುದಿಲ್ಲ ಎಂದು ನನಗೆ ಭಯ. ಅದೋ, ಒಣಗಿ ಗಾಜಿಗೆ ಕಚ್ಚಿಕೊಂಡಿತು. ಯಾರ ಮನೆ ಬರೆದರೂ ನಡುವೆ ಕೆಂಪು ಚುಕ್ಕೆ. ಚಿತ್ರ ಸರಿಸಿದರೆ ನನ್ನ ಬಾಣಗಳೆಲ್ಲ ವಿಧೇಯವಾಗಿ ಸರಿಯುತ್ತಿದ್ದವು. ಅಮ್ಮನ ಬೊಟ್ಟು ಮಾತ್ರ ಕೂತ ಜಾಗ ಬಿಡುತ್ತಿರಲಿಲ್ಲ. ಅದರ ಹಿಂದೆ ಏನಿದೆಯೆಂದು ನೋಡಲು ನಾನು ಮನೆಗಳನ್ನೇ ಪಕ್ಕಕ್ಕೆ ಎಳೆದು ನೋಡುತ್ತಿದ್ದೆ.

ಹೀಗಿರುವಾಗ ಹುಣಸಮಾರನಹಳ್ಳಿಯ ಮುನಿಕೃಷ್ಣಪ್ಪನವರು ಬಂದರು. ಏರ್‌ಪೋರ್ಟ್ ರಸ್ತೆಯಲ್ಲಿ ಟೈರ್ ಅಂಗಡಿ ಇಟ್ಟವರು, ನಿಧಾನಸ್ಥರು. ಅವರ ಮನೆಯ ಹಜಾರದ ಚಿತ್ರ ತೋರಿಸಿ, ಅವರು ಹೇಳಿದ್ದನ್ನೆಲ್ಲ ಕೆಂಪಗೆ ಗುರುತು ಹಾಕಿದೆ. ಪ್ರಿಂಟು ತೆಗೆಯೋಣವೆಂದರೆ ಕರೆಂಟು ಯಾವಾಗ ಹೋಗುತ್ತದೋ ಎಂದು, ಅವರು ತಮ್ಮ ಮೊಬೈಲಿನಲ್ಲೇ ಪರದೆಯ ಫೋಟೊ ಹೊಡೆದುಕೊಂಡು ಮೇಸ್ತ್ರಿಗೆ ಕೊಡುತ್ತೇನೆಂದು ಹೊರಟುಹೋದರು. ಫೋಟೊಕ್ಕೆ ಚಿತ್ರ ಯಾವುದು, ಗಾಜು ಯಾವುದು ಎಂಬ ಭೇದ ಇಲ್ಲ ಎನ್ನುವುದನ್ನು ಕೋರ್ಸಿನಲ್ಲಿ ಹೇಳಿಕೊಟ್ಟಿರಲಿಲ್ಲ.

ಗೋಡೆ ಎದ್ದ ಮೇಲೆ ಮೇಸ್ತ್ರಿಯ ಫೋನು ಬಂತು. “ಸಾರ್, ಎಲ್ಲಾದ್ಕೂ ಬರ್ದಿದೀರ. ದೇವ್ರಮನೆ ಪಕ್ಕದ್ ಗೋಡೆ ಮೇಲೆ ಒಂದು ಕೆಂಪು ಬೊಟ್ಟೈತೆ, ಅದ್ಕೇನೂ ಬರ್ದಿಲ್ಲ. ಅಲ್ಲೇನ್ ಬತ್ತದೆ?”

ಅಮ್ಮ ನನ್ನ ಎದುರಿಗೇ ಕೂತು ಸೊಪ್ಪು ಬಿಡಿಸುತ್ತಿದ್ದಳು. ಅದು ನಮ್ಮಮ್ಮ ಇಟ್ಟ ಕುಂಕುಮ, ಲೆಕ್ಕಕ್ಕಿಲ್ಲ, ಬಿಟ್ಟುಬಿಡಿ ಎಂದು ಅವಳ ಮುಂದೆ ಹೇಗೆ ಹೇಳಲಿ? ತನ್ನ ಕೈಯಿಂದಲೇ ಅವಘಡವಾಯಿತೆಂದು ಅವಳು ಮತ್ತೆ ಬಾಗಿಲ ಹಿಂದೆ ನಿಲ್ಲುವುದು ಖಂಡಿತ. ಅಲ್ಲಿ ದೀಪ ಬರುತ್ತೆ, ದೀಪಕ್ಕೊಂದು ಗೂಡು ಎಂದುಬಿಟ್ಟೆ. ಮೇಸ್ತ್ರಿ ಸಲೀಸಾಗಿ ಒಪ್ಪಿಕೊಂಡ. ಅಮ್ಮ ತಲೆಯೆತ್ತಿ, ಒಳ್ಳೇದಾಯ್ತು, ಈಗ ಗೂಡು ಯಾರೂ ಇಡಿಸೋದೇ ಇಲ್ಲ ಎಂದು ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಶ್ರಾವಣದಲ್ಲಿ ಗೃಹಪ್ರವೇಶ. ಸುಮಾಳಿಗೆ ರಜೆ ಸಿಗಲಿಲ್ಲವೆಂದು ಅಮ್ಮನನ್ನು ಕರೆದುಕೊಂಡು ಹೋದೆ. ಮನೆಯಲ್ಲಿ ಎಲ್ಲರ ಬಾಯಲ್ಲೂ ಗೂಡಿನದೇ ಮಾತು. ಮುನಿಕೃಷ್ಣಪ್ಪನವರ ಹೆಂಡತಿ ಜಯಮ್ಮ, ಇದು ಯಾರ ತಲೆಗೆ ಹೊಳೆದದ್ದು ಎಂದು ಕೇಳಿದರು. ಜೀವಮಾನದಲ್ಲಿ ಒಂದು ಸಲ ಮರ್ಯಾದೆಯಾಗಿ ನಿಜ ಹೇಳೋಣವೆಂದು, ನಮ್ಮಮ್ಮನದು ಎಂದೆ. ಅಮ್ಮ ನನ್ನನ್ನು ದುರುಗುಟ್ಟಿ ನೋಡಿದಳು. ಜಯಮ್ಮ ಆಗಲೇ ಅವಳ ಕೈ ಹಿಡಿದು, ಗೂಡಿನ ದೀಪ ಹಚ್ಚಲು ಕರೆದಾಗಿತ್ತು.

“ನಾನ್ ಬೇಡಮ್ಮ. ಮುತ್ತೈದೇರು ಹಚ್ಚಲಿ,” ಎಂದು ಅಮ್ಮ ಹಿಂದೆ ಸರಿದಳು.

“ಗೂಡು ಕೊಟ್ಟೋರು ನೀವು ಅಮ್ಮಾರೇ. ನೀವ್ ಅಚ್ದೆ ಇನ್ಯಾರ್ ಅಚ್ಬೇಕು?” ಎಂದರು ಜಯಮ್ಮ. ಅದರಲ್ಲಿ ಯೋಚಿಸುವುದೇನಿದೆ ಎನ್ನುವ ದನಿ. ಅಮ್ಮ ದೀಪ ಹಚ್ಚಿದಳು. ಬತ್ತಿ ಒಂದೇ ಕಡ್ಡಿಗೆ ಹತ್ತಿಕೊಂಡಿತು. ನಾನು ಊಟದ ಎಲೆ ಹಾಕಿದ್ದಾರೋ ನೋಡಿ ಬರುವ ನೆಪದಲ್ಲಿ ಹೊರಗೆ ಹೋಗಿ ಮೂಗು ಒರೆಸಿಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ, ಗೂಡಿನ ವಿಷಯ ತಾನು ಯಾವಾಗ ಹೇಳಿದ್ದೆ ಎಂದು ವಿಚಾರಣೆ ಶುರು ಮಾಡಿದಳು. ಎಲ್ಲ ಒಪ್ಪಿಸಿದೆ. ಅವಳು ಯಲಹಂಕ ದಾಟುವವರೆಗೂ ಕಿಟಕಿಯ ಆಚೆಗೇ ನೋಡುತ್ತಿದ್ದಳು. ನನ್ನ ತ್ಯಾಗಕ್ಕೆ ಕಣ್ಣು ತುಂಬಿಕೊಂಡಿರಬೇಕೆಂದು ನಾನು ಎಣಿಸಿದೆ.

“ಅದಕ್ಕಾ ಒರೆಸಿರ್ಲಿಲ್ಲ?” ಎಂದಳು ಕೊನೆಗೆ. “ಪೂಜೆ ಮಾರನೇ ದಿನ ಎಲ್ರೂ ಒರೆಸ್ತಾರೆ ಕಣೋ. ಒಂದು ಬಟ್ಟೆ ಹಿಡಿಯೋಕಾಗಲ್ಲ, ಇಂಥ ಸೋಂಬೇರೀನ ಹೆತ್ತೆನಲ್ಲ ಅಂತ ಸುಮಾ ಹತ್ರ ಎಷ್ಟು ಸಲ ಬೇಜಾರು ಮಾಡ್ಕೊಂಡಿದೀನಿ ಗೊತ್ತಾ?”

ಮನೆಗೆ ಬಂದವಳೇ ಒದ್ದೆ ಬಟ್ಟೆಯಿಂದ ಗಾಜನ್ನು ತಿಕ್ಕಿ ಒರೆಸಿದಳು.

ಮುಂದಿನ ಆಯುಧಪೂಜೆಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ ಬಟ್ಟಲು ಹಿಡಿದು ಮನೆಯೆಲ್ಲ ಓಡಾಡುತ್ತಿದ್ದಳು. ಯಾರೂ ಹೇಳಿರಲಿಲ್ಲ. ಈಳಿಗೆಮಣೆ, ಮಿಕ್ಸಿ, ಕುಕ್ಕರು ಎಲ್ಲಕ್ಕೂ ಆಗಿತ್ತು. ಕಂಪ್ಯೂಟರಿಗೆ ಮಾತ್ರ ಅಂಚಿನಲ್ಲಿ ಸಾಸಿವೆಯಷ್ಟು ಬೊಟ್ಟು. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಕನ್ನಡಕ ಹಾಕಿಕೊಂಡೆ, ಕಣ್ಣ ಮುಂದೆ ಕೆಂಪು ಮಬ್ಬು. ಎರಡೂ ಗಾಜಿಗೆ ಕುಂಕುಮ ಇಟ್ಟಿದ್ದಳು. ಅದಿಲ್ಲದಿದ್ದರೆ ನಿನಗೇನು ಕಾಣುತ್ತೆ, ನಿನ್ನ ಆಯುಧ ಅದೇ ಎಂದಳು.

ನೋಡಿದಲ್ಲೆಲ್ಲ ಬೊಟ್ಟು. ಗೋಡೆಗೆ, ಸುಮಾಳ ಮೂಗಿಗೆ, ಕ್ಯಾಲೆಂಡರಿನ ಭಾನುವಾರಕ್ಕೆ. ಒಂದು ಕಣ್ಣು ಮುಚ್ಚಿ ಕತ್ತನ್ನು ಸ್ವಲ್ಪ ವಾಲಿಸಿದೆ. ಅದು ಮೆಲ್ಲಗೆ ಸರಿದು ಬಂದು ಅಮ್ಮನ ಬರಿಯ ಹಣೆಯ ಮೇಲೆ ಸರಿಯಾಗಿ ಕೂತಿತು. ಬಾಣ ಎಳೆದು ಹೆಸರು ಬರೆಯುವ ಕಸುಬಿನವನಿಗೆ ಅಲ್ಲಿ ಏನು ಬರೆಯಬೇಕೆಂದು ತೋಚಲಿಲ್ಲ. ಕತ್ತು ಅಲ್ಲಾಡಿಸದೆ ನಿಂತೆ.

“ಏನ್ ಹಂಗೆ ಸೊಟ್ಟಗೆ ನಿಂತಿದೀಯ? ಕಾಣ್ದಿದ್ರೆ ಒರೆಸ್ಕೊಳ್ಳೋ.”

ನಾಳೆ ಒರೆಸ್ತೀನಮ್ಮ ಎಂದೆ. ಸೋಂಬೇರಿ ಎನ್ನುತ್ತ ಅಮ್ಮ ಸ್ಕೂಟರಿಗೆ ಬೊಟ್ಟಿಡಲು ಹೊರಗೆ ಹೋದಳು.